ಮೊದಲು ಗಾಳಿ, ಆಮೇಲೆ ಕಂಬಳಿ: ಕೊಲರಾಡೊದ ಹಳೆಯ ಮನೆಗಳಿಗೆ ಇನ್ಸುಲೇಷನ್

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡಬೇಕಾದದ್ದು ಡೆನ್ವರ್ ಸುತ್ತಮುತ್ತಲಿನ ಮತ್ತು ಅದರ ಮೇಲಿನ ಬೆಟ್ಟದ ಊರುಗಳ ಹಳೆಯ ಮನೆಗಳ ಬಗ್ಗೆ. ಡೆನ್ವರ್ ಇರುವುದು ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿ. ಬ್ರೆಕನ್‌ರಿಜ್ ಸುಮಾರು 2,900 ಮೀಟರ್, ಲೆಡ್‌ವಿಲ್ 3,000 ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್ ಆಸುಪಾಸು ಎಂದು ನೆನಪಿಸಿಕೊಂಡರೆ ಈ ಊರುಗಳ ಎತ್ತರ ಮನಸ್ಸಿಗೆ ಬರುತ್ತದೆ. ಅಮೆರಿಕದ ಇಂಧನ ಸಂಹಿತೆಯಲ್ಲಿ ಡೆನ್ವರ್, ಬೌಲ್ಡರ್, ಕೊಲರಾಡೊ ಸ್ಪ್ರಿಂಗ್ಸ್ 5ನೇ ಹವಾಮಾನ ವಲಯಕ್ಕೆ ಸೇರುತ್ತವೆ (ಅಂಕಿ ಹೆಚ್ಚಿದಷ್ಟೂ ಚಳಿ ಹೆಚ್ಚು). ಬ್ರೆಕನ್‌ರಿಜ್, ಲೆಡ್‌ವಿಲ್ 7ನೇ ವಲಯಕ್ಕೆ. ಒಂದೂವರೆ ಎರಡು ಗಂಟೆ ಕಾರಿನಲ್ಲಿ ಹೋಗುವಷ್ಟರಲ್ಲಿ ಎರಡು ವಲಯ ಬದಲಾಗುತ್ತವೆ. ಹಾಗಾಗಿ ಡೆನ್ವರಿನ ಗೆಳೆಯರ ಮನೆಯಲ್ಲಿ ಸರಿಹೋದದ್ದು ಬೆಟ್ಟದ ಮೇಲಿನ ಮನೆಗೂ ಸರಿಹೋಗುತ್ತದೆ ಅನ್ನುವ ಹಾಗಿಲ್ಲ.

ಇನ್ಸುಲೇಷನ್ ಎಂದರೆ ಮನೆಗೆ ಹೊದಿಸುವ ಕಂಬಳಿ. ಮಲೆನಾಡಿನ ಮಳೆಗಾಲದಲ್ಲಿ ಬೀಸುವ ಗಾಳಿಗೆ ಬರೀ ಕಂಬಳಿ ಹೊದ್ದು ನಿಂತವರಿಗೆ ಗೊತ್ತಿದೆ, ಗಾಳಿ ಅದರೊಳಗೇ ನುಗ್ಗಿ ಬರುತ್ತದೆ. ಕಂಬಳಿ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಂತಾಗ ಮಾತ್ರ. ಅಟ್ಟದ ಫೈಬರ್‌ಗ್ಲಾಸ್ ಕೂಡ ಅಷ್ಟೇ. ಹಳೆಯ ಮನೆಗಳಲ್ಲಿ ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಈ ಒಂದು ವಿಷಯದಲ್ಲಿ: ತೂತು ಮುಚ್ಚದೆ ಮೇಲೆ ಕಂಬಳಿ ಹೇರುವುದು.

ಒಂದು ಲೆಕ್ಕ ನೋಡೋಣ. 1,500 ಚದರಡಿಯ ಮನೆ, 8 ಅಡಿ ಎತ್ತರದ ಚಾವಣಿ, ಒಳಗಿನ ಗಾಳಿ 12,000 ಘನ ಅಡಿ. ಬ್ಲೋವರ್ ಡೋರ್ ಪರೀಕ್ಷೆಯಲ್ಲಿ ಮುಂಬಾಗಿಲಿಗೆ ಫ್ಯಾನ್ ಕೂರಿಸಿ ಮನೆಯ ಒತ್ತಡವನ್ನು 50 ಪಾಸ್ಕಲ್ ಇಳಿಸುತ್ತಾರೆ. ಆಗ ನಿಮಿಷಕ್ಕೆ 2,000 ಘನ ಅಡಿ ಗಾಳಿ ನುಗ್ಗಿದರೆ, ಗಂಟೆಗೆ 10 ಬಾರಿ ಮನೆಯ ಗಾಳಿ ಪೂರ್ತಿ ಬದಲಾದಂತೆ. ಹಳೆಯ ಮನೆಗಳಲ್ಲಿ ಈ ಅಂಕಿ ಅಪರೂಪವೇನಲ್ಲ. ಹೊಸ ಮನೆಗೆ ಸಂಹಿತೆ ಕೇಳುವುದು 3. ಇಪ್ಪತ್ತರಿಂದ ಭಾಗಿಸುವ ಸ್ಥೂಲ ಲೆಕ್ಕದಲ್ಲಿ, ಸಾಮಾನ್ಯ ಚಳಿಗಾಲದ ದಿನ ಈ ಮನೆಯಿಂದ ನಿಮಿಷಕ್ಕೆ ಸುಮಾರು 100 ಘನ ಅಡಿ ಬೆಚ್ಚನೆಯ ಗಾಳಿ ಹೊರಗೆ ಹೋಗುತ್ತಿರುತ್ತದೆ. ಹೊರಗೆ 0 ಡಿಗ್ರಿ ಫ್ಯಾರನ್‌ಹೀಟ್, ಒಳಗೆ 70. ಸಮುದ್ರಮಟ್ಟದಲ್ಲಾದರೆ ಇದು ಗಂಟೆಗೆ ಸುಮಾರು 7,500 ಬಿಟಿಯು (ಶಾಖದ ಅಳತೆ) ನಷ್ಟ. ಡೆನ್ವರಿನ ಗಾಳಿ ಆರನೇ ಒಂದು ಪಾಲು ತೆಳು, ಹೊತ್ತೊಯ್ಯುವ ಶಾಖವೂ ಅಷ್ಟು ಕಡಿಮೆ, ಹಾಗಾಗಿ ಇಲ್ಲಿ 6,300. ಎತ್ತರ ನಮಗೆ ಮಾಡುವ ಒಂದೇ ಉಪಕಾರ ಇದು ಅನ್ನಬಹುದು.

ಈಗ ಅಟ್ಟದ ಲೆಕ್ಕ. ಮನೆಯ ಒಂದು ಭಾಗಕ್ಕೆ ಮಹಡಿ ಇದೆ ಎಂದುಕೊಳ್ಳೋಣ; ಅಟ್ಟದಡಿಯ ಚಾವಣಿ 1,000 ಚದರಡಿ, ಅದರ ಮೇಲೆ ಹಳೆಯ ಆರ್-11 ಹಾಸು (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು). ಅದೇ ಚಳಿಗೆ ಗಂಟೆಗೆ ಸುಮಾರು 6,400 ಬಿಟಿಯು ನಷ್ಟ. ಅಂದರೆ ಚಾವಣಿ ಪೂರ್ತಿಯಾಗಿ ಕಳೆಯುವಷ್ಟನ್ನೇ ತೂತುಗಳೂ ಕಳೆಯುತ್ತಿವೆ. ಆರ್-49ಕ್ಕೆ ಏರಿಸಿದರೆ ಚಾವಣಿಯ ನಷ್ಟ 1,430ಕ್ಕೆ ಇಳಿಯುತ್ತದೆ. ಅಲ್ಲಿಂದ ಆರ್-60ಕ್ಕೆ ಹೋದರೆ ಉಳಿತಾಯವಾಗುವುದು ಇನ್ನು 260 ಮಾತ್ರ. 2021ರ ಸಂಹಿತೆ ಹೊಸ ಮನೆಗಳಿಗೆ ಆರ್-60 ಹೇಳುತ್ತದೆ, ತಪ್ಪೇನಿಲ್ಲ. ಹಳೆಯ ಮನೆಯಲ್ಲಿ ಕೈಯಲ್ಲಿರುವ ಹಣ ಮಿತವಾಗಿದ್ದರೆ ಮಾತ್ರ ಆ ಕೊನೆಯ ಹನ್ನೊಂದನ್ನು ಬಿಟ್ಟು ತೂತುಗಳಿಗೆ ಕೈ ಹಾಕಿ ಎಂದು ನಾವು ಒತ್ತಿ ಹೇಳುತ್ತೇವೆ.

ಕೆಲಸ ಶುರುವಾಗುವ ಮುಂಚೆ ಅಟ್ಟ ಹತ್ತಿ ನೋಡಬೇಕಾದದ್ದು ಮೂರು ನಾಲ್ಕಿದೆ. ಮೊದಲನೆಯದು ವರ್ಮಿಕ್ಯುಲೈಟ್. ಬೂದು ಕಂದು ಬಣ್ಣದ, ಹೊಳೆಯುವ ಅಭ್ರಕದಂಥ ಹರಳುಗಳು ತೊಲೆಗಳ ನಡುವೆ ಸುರಿದಿದ್ದರೆ ಮುಟ್ಟಬೇಡಿ, ಕೆಳಗಿಳಿಯಿರಿ. ಮೊಂಟಾನಾದ ಲಿಬ್ಬಿ ಎಂಬಲ್ಲಿಯ ಗಣಿಯಿಂದ 1990ರವರೆಗೂ ಬಂದ ಈ ಹರಳಿನ ಜೊತೆ ಉಸಿರಿಗೆ ಹೋದರೆ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ನಾರು ಬೆರೆತಿತ್ತು; ಜೋನೋಲೈಟ್ ಹೆಸರಲ್ಲಿ ದೇಶದ ತುಂಬ ಅಟ್ಟಗಳಿಗೆ ಹೋಯಿತು. ಇದ್ದರೆ ಆಸ್ಬೆಸ್ಟಾಸ್ ಇದೆ ಎಂದೇ ತಿಳಿದು ನಡೆಯಬೇಕು ಎನ್ನುವುದು ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಪರವಾನಗಿ ಇರುವವರಿಂದ ತೆಗೆಸಬೇಕು. ಆ ಗಣಿ ನಡೆಸುತ್ತಿದ್ದ ಕಂಪನಿಯ ದಿವಾಳಿ ಪ್ರಕರಣದಿಂದ ಹುಟ್ಟಿದ ಟ್ರಸ್ಟ್ ಒಂದು ತೆಗೆಸಿದ ಖರ್ಚಿನ ಒಂದು ಭಾಗವನ್ನು ಹಿಂತಿರುಗಿಸುತ್ತದೆ, ಬಿಲ್ಲು ಫೋಟೊ ಇಟ್ಟುಕೊಳ್ಳಿ. ಚಾವಣಿಯ ಕೆಳಮೈಯ ಪಾಪ್‌ಕಾರ್ನ್ ಲೇಪ, ಹಳೆಯ ಡಕ್ಟ್‌ಗಳಿಗೆ ಸುತ್ತಿದ ಬಿಳಿ ಪಟ್ಟಿ ಇವಕ್ಕೂ ಅದೇ ಅನುಮಾನ ಇರಲಿ. ಕೊಲರಾಡೊದಲ್ಲಿ ಒಂಟಿ ಮನೆಯಾದರೆ 32 ಚದರಡಿಗಿಂತ ಹೆಚ್ಚು ಅಂಥ ಮೇಲ್ಮೈ ಕೆದಕುವ ಮುಂಚೆ ತಪಾಸಣೆ ಕಡ್ಡಾಯ.

ಎರಡನೆಯದು ತಂತಿ. ಡೆನ್ವರಿನ 1940ಕ್ಕೆ ಹಿಂದಿನ ಬಂಗಲೆಗಳಲ್ಲಿ ಪಿಂಗಾಣಿ ಗುಬುಟುಗಳ ಮೇಲೆ ಒಂಟಿ ತಂತಿ ಎಳೆದ ಹಳೆಯ ವೈರಿಂಗ್ ಇನ್ನೂ ಸಿಗುತ್ತದೆ. ಅದು ತನ್ನ ಬಿಸಿಯನ್ನು ಸುತ್ತಲಿನ ಬಯಲು ಗಾಳಿಗೆ ಬಿಟ್ಟುಕೊಂಡು ಬದುಕುವ ತಂತಿ. ಅದರ ಮೇಲೆ ಸೆಲ್ಯುಲೋಸ್, ಅಂದರೆ ಕಾಗದದ ಪುಡಿಯ ಇನ್ಸುಲೇಷನ್, ಸುರಿದರೆ ಬಿಸಿ ಹೋಗಲು ದಾರಿಯಿಲ್ಲ. ಎಲೆಕ್ಟ್ರಿಷಿಯನ್ ಅದನ್ನು ತೆಗೆದು ಹೊಸ ತಂತಿ ಎಳೆದ ಮೇಲೇ ಇನ್ಸುಲೇಷನ್.

ಮೂರನೆಯದು ತೇವ. ಜನವರಿಯ ಒಂದು ಮುಂಜಾನೆ ಟಾರ್ಚ್ ಹಿಡಿದು ಅಟ್ಟಕ್ಕೆ ತಲೆ ಹಾಕಿ, ಮಾಡಿನ ಹಲಗೆಯಿಂದ ಇಳಿಬಿದ್ದ ಹಂಚುಮೊಳೆಗಳ ತುದಿ ನೋಡಿ. ಪ್ರತಿ ಮೊಳೆಯ ತುದಿಗೂ ಬಿಳಿ ಹಿಮದ ಗುಂಡು ಕೂತಿದ್ದರೆ, ಕೆಳಗಿನ ಮನೆಯ ಹಸಿ ಗಾಳಿ ಮೇಲೆ ಬರುತ್ತಿದೆ. ಮಧ್ಯಾಹ್ನ ಈ ಎತ್ತರದ ಚುರುಕು ಬಿಸಿಲು ಮಾಡಿಗೆ ಬಿದ್ದಾಗ ಅವೆಲ್ಲ ಒಟ್ಟಿಗೆ ಕರಗಿ ತೊಟ್ಟಿಕ್ಕುತ್ತವೆ. ಚಾವಣಿಯ ಮೇಲೆ ಕಂದು ಕಲೆ ಮೂಡುತ್ತದೆ, ಮನೆಯವರು ಮಾಡು ಸೋರುತ್ತಿದೆ ಎಂದು ಮಾಡಿನವರನ್ನು ಕರೆಸುತ್ತಾರೆ, ಅವರು ಹೊಸ ಶಿಂಗಲ್ ಹಾಕಿ ಹೋಗುತ್ತಾರೆ, ಮುಂದಿನ ಜನವರಿಗೆ ಕಲೆ ಮತ್ತೆ ಅಲ್ಲೇ. ಸೋರುತ್ತಿದ್ದದ್ದು ಮಾಡು ಅಲ್ಲ, ಚಾವಣಿ; ನೀರಲ್ಲ, ಗಾಳಿ.

ಆ ಗಾಳಿ ಬರುವ ದಾರಿಯನ್ನು ಹಳೆಯ ಫೈಬರ್‌ಗ್ಲಾಸೇ ತೋರಿಸಿಕೊಡುತ್ತದೆ. ಒಂದೊಂದು ಹಾಸನ್ನೂ ಎತ್ತಿ ಅಡಿಭಾಗ ನೋಡಿ. ಗುಲಾಬಿ ಅಥವಾ ಹಳದಿ ನಾರು ಕೆಲವು ಕಡೆ ಕಪ್ಪಗೆ, ಮಸಿ ಹಿಡಿದ ಹಾಗಿರುತ್ತದೆ. ಬೂಸ್ಟು ಎಂದು ಹೆದರುವವರು ಬಹಳ; ಹೆಚ್ಚಿನ ಸಲ ಅದು ಬರೀ ಧೂಳು. ಮೂವತ್ತು ನಲವತ್ತು ವರ್ಷ ಅಲ್ಲಿ ಮನೆಯ ಗಾಳಿ ಹಾದುಹೋಗಿದೆ, ನಾರು ಅದನ್ನು ಸೋಸಿದೆ. ಕಪ್ಪು ಕಂಡ ಕಡೆ ನೇರ ಕೆಳಗೆ ತೂತಿದೆ. ಒಂದು ಬಣ್ಣದ ಸೀಮೆಸುಣ್ಣ ಹಿಡಿದು ತೊಲೆಯ ಮೇಲೆ ಗುರುತು ಹಾಕುತ್ತಾ ಹೋದರೆ ಅರ್ಧ ದಿನದಲ್ಲಿ ಇಡೀ ನಕ್ಷೆ ಸಿದ್ಧ.

ಕಾಣುವ ತೂತುಗಳು ಇವು. ಒಳಗೋಡೆಗಳ ತಲೆಪಟ್ಟಿಗೆ ಡ್ರೈವಾಲ್ (ಗೋಡೆ, ಚಾವಣಿಗೆ ಹೊಡೆಯುವ ಜಿಪ್ಸಂ ಹಲಗೆ) ತಾಗುವ ಗೆರೆ. ತೆಳ್ಳಗೆ ಕಂಡರೂ ಮನೆಯ ಎಲ್ಲ ಗೋಡೆಗಳದ್ದು ಸೇರಿದರೆ ಒಂದು ಕಿಟಕಿಯಷ್ಟಾಗುತ್ತದೆ. ತಂತಿ ಇಳಿದ ರಂಧ್ರಗಳು, ಬಚ್ಚಲಿನ ಗಾಳಿಕೊಳವೆ ಏರಿಬಂದ ಕಿಂಡಿ, ಬಾತ್‌ರೂಮ್ ಫ್ಯಾನಿನ ಪೆಟ್ಟಿಗೆಯ ಸುತ್ತಲಿನ ಸಂದು. ಅಡುಗೆಮನೆಯ ಕಪಾಟುಗಳ ಮೇಲೆ ಚಾವಣಿ ತಗ್ಗಿಸಿ ಕಟ್ಟಿದ್ದರೆ ಅದರ ಮೇಲ್ಭಾಗ ಸಾಮಾನ್ಯವಾಗಿ ಬಟಾಬಯಲು: ಅಲ್ಲಿಂದ ಗೋಡೆಯೊಳಕ್ಕೆ, ಗೋಡೆಯಿಂದ ನೆಲದಡಿಗೆ ಗಾಳಿಯ ರಾಜಮಾರ್ಗ. ಸಣ್ಣ ರಂಧ್ರಕ್ಕೆ ಡಬ್ಬಿಯ ಫೋಮ್, ಗೆರೆಗಳಿಗೆ ಸೀಲೆಂಟ್, ದೊಡ್ಡ ಬಯಲಿಗೆ ಅಳತೆಗೆ ಕತ್ತರಿಸಿದ ಫೋಮ್ ಹಲಗೆ ಅಥವಾ ಡ್ರೈವಾಲ್ ತುಂಡು ಕೂರಿಸಿ ಸುತ್ತಲೂ ಫೋಮ್. ಬರೀ ಫೈಬರ್‌ಗ್ಲಾಸ್ ತುರುಕಿದರೆ ಅದು ಮತ್ತೆ ಸೋಸುವ ಬಟ್ಟೆಯಷ್ಟೇ.

ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಬೇಡ. ಮನೆ ಬಿಸಿಮಾಡುವ ಫರ್ನೇಸಿನ ಎರಡು ಪದರದ ಲೋಹದ ಕೊಳವೆಗೆ ಸುಡುವ ವಸ್ತುವಿನಿಂದ 1 ಇಂಚು, ಇಟ್ಟಿಗೆಯ ಹೊಗೆಗೂಡಿಗೆ 2 ಇಂಚು ಅಂತರ ಬೇಕು. ಅಲ್ಲಿ ತೆಳುವಾದ ಕಲಾಯಿ ತಗಡನ್ನು ಅರ್ಧಚಂದ್ರಾಕಾರದ ಎರಡು ತುಂಡು ಕತ್ತರಿಸಿ ಕೊಳವೆಗೆ ತಾಗಿಸಿ ಮೊಳೆ ಹೊಡೆದು, ಬೆಂಕಿ ತಾಳುವ ಸೀಲೆಂಟ್ ಹಚ್ಚಬೇಕು. ಮೇಲೆ ತಗಡಿನದೇ ಒಂದು ಬಳೆ ನಿಲ್ಲಿಸಿದರೆ ಆಮೇಲೆ ಸುರಿಯುವ ಸೆಲ್ಯುಲೋಸ್ ಕೊಳವೆಗೆ ತಾಗುವುದಿಲ್ಲ. ಚಾವಣಿಯೊಳಗೆ ಹುದುಗಿಸಿದ ಹಳೆಯ ದೀಪದ ಡಬ್ಬಿಗಳೂ ಇದೇ ಜಾತಿ. ಇನ್ಸುಲೇಷನ್ ತಾಗಬಹುದು ಎನ್ನುವ ಗುರುತು ಅದರ ಮೇಲಿಲ್ಲದಿದ್ದರೆ 3 ಇಂಚು ಬಿಡಬೇಕಾಗುತ್ತದೆ, ಅಂದರೆ ಪ್ರತಿ ದೀಪದ ಸುತ್ತ ಒಂದು ತಣ್ಣನೆಯ ಗುಂಡಿ. ತೆಗೆದು ಗಾಳಿ ಸೋರದ ಎಲ್‌ಇಡಿ ತಟ್ಟೆ ಹಾಕಿಸುವುದೇ ಒಳ್ಳೆಯದು.

ಈ ಸೀಮೆಗೇ ವಿಶೇಷವಾದ ಎರಡು ತೂತುಗಳಿವೆ. ರಾತ್ರಿ ತಂಪಾಗುವ ಊರಾದ್ದರಿಂದ ಬಹಳ ಮನೆಗಳ ನಡುಮನೆಯ ಚಾವಣಿಯಲ್ಲಿ ಇಡೀ ಮನೆಯ ಗಾಳಿ ಎಳೆಯುವ ದೊಡ್ಡ ಫ್ಯಾನ್ ಇರುತ್ತದೆ. ಇನ್ನು ಕೆಲವಲ್ಲಿ ಮಾಡಿನ ಮೇಲೆ ನೀರಿನ ಕೂಲರ್ ಕೂತು ಅದರ ಡಕ್ಟ್ ಒಳಗೆ ಬಾಯಿ ತೆರೆದಿರುತ್ತದೆ. ಚಳಿಗಾಲದಲ್ಲಿ ಅವೆರಡಕ್ಕೂ ಉಳಿದದ್ದು ತಗಡಿನ ರೆಕ್ಕೆಗಳ ಮುಚ್ಚಳ. 2 ಇಂಚಿನ ಫೋಮ್ ಹಲಗೆಯ ಪೆಟ್ಟಿಗೆ ಮಾಡಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಅಕ್ಟೋಬರಿನಲ್ಲಿ ಕವುಚಿ ಹಾಕಿ ಏಪ್ರಿಲ್‌ನಲ್ಲಿ ತೆಗೆಯಿರಿ. ಫ್ಯಾನಿನ ಸ್ವಿಚ್ಚಿಗೆ ಒಂದು ಚೀಟಿ ಅಂಟಿಸುವುದನ್ನು ಮರೆಯಬಾರದು; ಪೆಟ್ಟಿಗೆ ಇರುವಾಗ ಯಾರಾದರೂ ಒತ್ತಿದರೆ ಮೋಟಾರು ಸುಡುತ್ತದೆ.

ಅಟ್ಟದ ಏಣಿಬಾಗಿಲು ಕೂಡ ಹೀಗೆಯೇ. ಸುಮಾರು 10 ಚದರಡಿಯ ಪ್ಲೈವುಡ್, ಆರ್-1 ಇದ್ದರೆ ಹೆಚ್ಚು. 1,000 ಚದರಡಿಯಲ್ಲಿ ಅದು ನೂರಕ್ಕೆ ಒಂದು ಪಾಲು. ಉಳಿದ 990 ಚದರಡಿಗೆ ಆರ್-49 ಹಾಕಿ ಇದೊಂದನ್ನು ಹಾಗೇ ಬಿಟ್ಟರೆ ಇಡೀ ಚಾವಣಿಯ ಸರಾಸರಿ ಆರ್-33ಕ್ಕೆ ಬೀಳುತ್ತದೆ. ಮುಚ್ಚಳಕ್ಕೆ ಫೋಮ್ ಪೆಟ್ಟಿಗೆ, ಸುತ್ತ ರಬ್ಬರ್ ಪಟ್ಟಿ, ಎಳೆದು ಹಿಡಿಯುವ ಚಿಲಕ. ಒಂದು ಭಾನುವಾರದ ಕೆಲಸ.

ಇಷ್ಟಾದ ಮೇಲೆ ಕಂಬಳಿ. ಸೂರಿನ ಕಡೆಯಿಂದ ಬರುವ ಗಾಳಿ ಮಾಡಿನ ಹಲಗೆಯ ಅಡಿಯಲ್ಲಿ ಹರಿದು ಮೇಲೆ ಹೋಗಬೇಕು, ಆದ್ದರಿಂದ ಎರಡು ಪಕಾಸುಗಳ ನಡುವೆ ಒಂದೊಂದು ಬ್ಯಾಫಲ್ (ಗಾಳಿಯ ದಾರಿ ಕಾಯುವ ತೆಳು ತಟ್ಟೆ) ಕೂರಿಸಿ ಕನಿಷ್ಠ 1 ಇಂಚು ದಾರಿ ಬಿಡಬೇಕು. ಬಾತ್‌ರೂಮ್ ಫ್ಯಾನಿನ ಕೊಳವೆ ಅಟ್ಟದಲ್ಲೇ ಕೊನೆಯಾಗಿದ್ದರೆ ಮಾಡಿನಾಚೆಗೆ ಒಯ್ದು ಅದಕ್ಕೂ ಇನ್ಸುಲೇಷನ್ ಸುತ್ತಿಸಿ. ಸುರಿಯುವುದಕ್ಕೆ ನಮ್ಮ ಮೊದಲ ಆಯ್ಕೆ ಸೆಲ್ಯುಲೋಸ್, ಬೋರೇಟ್ ಬೆರೆಸಿದ ಕಾಗದದ ಪುಡಿ. ಇಂಚಿಗೆ ಆರ್-3.5ರ ಆಸುಪಾಸು, ಸುರಿಯುವ ಫೈಬರ್‌ಗ್ಲಾಸ್ 2.5ರ ಹತ್ತಿರ. ಹಳೆಯ ಆರ್-11ರ ಮೇಲೆ ಇನ್ನು ಆರ್-38 ಬೇಕೆಂದರೆ ಕುಳಿತ ಮೇಲೆ 11 ಇಂಚು ಸೆಲ್ಯುಲೋಸ್. ಕುಳಿತ ಮೇಲೆ ಎನ್ನುವುದು ಮುಖ್ಯ. ಸುರಿದ ದಿನ ನೋಡಿದ ಎತ್ತರ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಮಷಿನ್‌ಗೆ ಗಾಳಿ ಜಾಸ್ತಿ ಕೊಟ್ಟು ನೊರೆ ಎಬ್ಬಿಸಿದಂತೆ ಉಬ್ಬಿಸಿ ಇಂಚು ತೋರಿಸಿ ಹೋಗುವವರೂ ಇದ್ದಾರೆ. ಹಾಗಾಗಿ ಇಂಚಿನ ಮೇಲೆ ಒಪ್ಪಂದ ಬೇಡ, ಚೀಲದ ಮೇಲೆ ಇರಲಿ. ಪ್ರತಿ ಚೀಲದ ಮೇಲೂ 1,000 ಚದರಡಿಗೆ ಎಷ್ಟು ಚೀಲ, ಯಾವ ಆರ್-ಮೌಲ್ಯ ಎನ್ನುವ ಪಟ್ಟಿ ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ಚೀಲ ಎಣಿಸಿ. ಎಷ್ಟು ಚದರಡಿ, ಎಷ್ಟು ದಪ್ಪ, ಎಷ್ಟು ಆರ್, ಎಷ್ಟು ಚೀಲ ಎಂದು ಬರೆದ ರಸೀತಿ ಕೊಡುವುದು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ, ಉಪಕಾರವಲ್ಲ. 300 ಚದರಡಿಗೆ ಒಂದರಂತೆ ಅಳತೆಪಟ್ಟಿ ತೊಲೆಗೆ ಹೊಡೆದಿರಬೇಕು.

ಬೆಟ್ಟದ ಮನೆಗಳಿಗೆ ಇಲ್ಲೊಂದು ಎಚ್ಚರಿಕೆ. ಸೋರುವ ಶಾಖದಿಂದ ಮಾಡಿನ ಹಿಮ ಅಡಿಯಿಂದ ಕರಗಿ, ಸೂರಿನ ತಣ್ಣನೆಯ ಅಂಚಿಗೆ ಬಂದು ಹೆಪ್ಪುಗಟ್ಟಿ, ಮಂಜುಗಡ್ಡೆಯ ಕಟ್ಟೆಯಾಗಿ, ಅದರ ಹಿಂದೆ ನಿಂತ ನೀರು ಶಿಂಗಲ್ ಅಡಿಗೆ ನುಗ್ಗುತ್ತದೆ. ಅಟ್ಟ ಸರಿಮಾಡಿದರೆ ಈ ಕಟ್ಟೆ ತಪ್ಪುತ್ತದೆ. ಆದರೆ ಇಷ್ಟು ದಿನ ಸೋರುತ್ತಿದ್ದ ಶಾಖವೇ ಒಂದಿಷ್ಟು ಹಿಮ ಕರಗಿಸಿ ಭಾರ ಇಳಿಸುತ್ತಿತ್ತು. ಇನ್ನು ಮುಂದೆ ಆ ಹಿಮ ಮಾಡಿನ ಮೇಲೇ ನಿಲ್ಲುತ್ತದೆ. 1960-70ರ ದಶಕದ ಬೆಟ್ಟದ ಕ್ಯಾಬಿನ್‌ಗಳಲ್ಲಿ ಪಕಾಸು ತೆಳುವಾಗಿದ್ದರೆ, ಸ್ಥಳೀಯ ಹಿಮಭಾರಕ್ಕೆ ಅವು ಸಾಲುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮೊದಲೇ ನೋಡಿಸಬೇಕು.

ಅಂಥ ಎಷ್ಟೋ ಕ್ಯಾಬಿನ್‌ಗಳಲ್ಲಿ ಅಟ್ಟವೇ ಇರುವುದಿಲ್ಲ. ಒಳಗಿನಿಂದ ಕಾಣುವುದು ಪೈನ್ ಹಲಗೆಯ ಇಳಿಜಾರು ಚಾವಣಿ, ಅದರ ಪ್ರತಿ ಸಂದಿಯಲ್ಲೂ ಗಾಳಿ. ಅಲ್ಲಿ ಒಳಗಿನಿಂದ ತುಂಬುವ ಉಪಾಯ ಒಂದೂ ಚೆನ್ನಾಗಿಲ್ಲ. ಮಾಡು ಬದಲಿಸುವ ವರ್ಷಕ್ಕೆ ಕಾದು, ಹಳೆಯ ಹೊದಿಕೆ ಕಿತ್ತು, ಹಲಗೆಯ ಮೇಲೆ ಅಂಟುವ ಪೊರೆ ಹಾಸಿ, ಅದರ ಮೇಲೆ ಫೋಮ್ ಹಲಗೆಗಳನ್ನು ಸಂದು ಮೇಲೆ ಸಂದು ಬಾರದಂತೆ ಎರಡು ಪದರ ಹೊದಿಸುವುದೇ ದಾರಿ. ಗಾಳಿಯಾಡದ ಮಾಡಾದರೆ 7ನೇ ವಲಯದಲ್ಲಿ ಕನಿಷ್ಠ ಆರ್-30 ಹಲಗೆಯ ಮೇಲ್ಗಡೆಯೇ ಇರಬೇಕು, 5ನೇ ವಲಯದಲ್ಲಿ ಆರ್-20. ಮೇಲೆ ಸ್ವಲ್ಪ ಹಾಕಿ ಕೆಳಗೆ ಹೆಚ್ಚು ತುಂಬಿದರೆ ಹಲಗೆ ತಣ್ಣಗೇ ಉಳಿದು, ಒಳಗಿನ ಹಬೆ ಅಲ್ಲೇ ನೀರಾಗಿ, ಐದಾರು ವರ್ಷದಲ್ಲಿ ಮರ ಲಡ್ಡಾಗುತ್ತದೆ. ಪಾಲಿಐಸೊ ಎಂಬ ಬಗೆಯ ಫೋಮ್ ಹಲಗೆ ಕೊಳ್ಳುವವರು ಗಮನಿಸಿ: ಪೊಟ್ಟಣದ ಮೇಲೆ ಇಂಚಿಗೆ 6ರ ಸುತ್ತ ಬರೆದಿದ್ದರೂ ಕಡು ಚಳಿಯಲ್ಲಿ ಅದು ಕುಗ್ಗುತ್ತದೆ, ಇಂಚಿಗೆ 5 ಎಂದೇ ಲೆಕ್ಕ ಹಿಡಿಯಿರಿ.

ಈಗ ಮನೆಯ ಬುಡಕ್ಕೆ ಬರೋಣ. ಮೇಲೆ ಬಿಸಿ ಗಾಳಿ ಹೋದಷ್ಟೂ ಕೆಳಗಿನಿಂದ ತಣ್ಣನೆಯದು ಬರಬೇಕು. ಕೆಳಗೆ ಅಂದರೆ ಮಣ್ಣು, ಮಣ್ಣೆಂದರೆ ರೇಡಾನ್, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ. ಕೊಲರಾಡೊದ ನೆಲದಲ್ಲಿ ಯುರೇನಿಯಂ ಇರುವುದರಿಂದ ಈ ರಾಜ್ಯದ ಸುಮಾರು ಅರ್ಧ ಮನೆಗಳಲ್ಲಿ ರೇಡಾನ್ ಪ್ರಮಾಣ ಲೀಟರಿಗೆ 4 ಪಿಕೊಕ್ಯೂರಿಯ ಗಡಿ ಮೀರುತ್ತದೆ. ಆ ಗಡಿ ದಾಟಿದರೆ ಸರಿಪಡಿಸಿ ಎನ್ನುವುದು ಪರಿಸರ ಸಂರಕ್ಷಣಾ ಸಂಸ್ಥೆಯ ಮಾತು. ಆದ್ದರಿಂದ ಕೆಲಸಕ್ಕೆ ಮುಂಚೆ ಒಂದು ಸಲ ರೇಡಾನ್ ಅಳೆಯಿರಿ, ಮುಗಿದ ಮೇಲೆ ಇನ್ನೊಂದು ಸಲ.

ಕ್ರಾಲ್‌ಸ್ಪೇಸ್ (ನೆಲದಡಿ ತೆವಳಿ ಹೋಗುವಷ್ಟೇ ಎತ್ತರದ ಜಾಗ) ಇರುವ ಮನೆಯಲ್ಲಿ ನೆಲದ ತೊಲೆಗಳ ನಡುವೆ ಸಿಕ್ಕಿಸಿದ ಹಳೆಯ ಫೈಬರ್‌ಗ್ಲಾಸ್ ಅರ್ಧ ಜೋತುಬಿದ್ದು, ಇಲಿ ಗೂಡಾಗಿರುತ್ತದೆ. ಅದನ್ನೇ ಮತ್ತೆ ಸಿಕ್ಕಿಸುವ ಬದಲು ಸುತ್ತುಗೋಡೆಗೆ ಇನ್ಸುಲೇಷನ್ ಮಾಡುವುದು ಮೇಲು. ನೀರಿನ ಕೊಳವೆಗಳೂ ಬೆಚ್ಚಗೆ ಉಳಿಯುತ್ತವೆ. ಕಲ್ಲು ಕಸ ಆಯ್ದು, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಸಂಹಿತೆಗೆ 6 ಮಿಲ್ ದಪ್ಪ ಸಾಕು (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಮೇಲೆ ತೆವಳುವವರ ಮೊಣಕಾಲಿಗೆ ಅದು ಹರಿಯುತ್ತದೆ, 12ರ ಮೇಲಿನದು ತನ್ನಿ. ಹಾಳೆಯ ಮೇಲೆ ಹಾಳೆ ಒಂದಡಿ ಬರಲಿ, ಟೇಪ್ ಹಾಕಿ, ಗೋಡೆಗೆ ಅರ್ಧ ಅಡಿ ಏರಿಸಿ ಪಟ್ಟಿ ಹೊಡೆದು ಸೀಲ್ ಮಾಡಿ. ರೇಡಾನ್ ಫ್ಯಾನಿನ ಕೊಳವೆ ಈ ಹಾಳೆಯ ಅಡಿಯಿಂದಲೇ ಹೊರಡಬೇಕು. ಹಾಳೆ ಹಾಕುವಾಗಲೇ ರಂಧ್ರವಿರುವ ಕೊಳವೆ ಒಂದನ್ನು ಅಡಿಗೆ ಮಲಗಿಸಿಬಿಟ್ಟರೆ ಮುಂದೆ ಹಾಳೆ ಕತ್ತರಿಸುವ ಪ್ರಮೇಯವಿಲ್ಲ. ಗೋಡೆಗೆ ಫೋಮ್ ಹಲಗೆ, ತೆರೆದಿಡಲು ಅನುಮತಿ ಇರುವ ಬಗೆಯದ್ದು. ಗಾಳಿಕಿಂಡಿಗಳನ್ನು ಮುಚ್ಚುವುದು ಕೊನೆಗೆ, ಅದೂ ಅಲ್ಲಿ ಗ್ಯಾಸಿನ ಫರ್ನೇಸ್ ಅಥವಾ ಬಾಯ್ಲರ್ ಉಸಿರಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ. ಆಮೇಲೆ ಮನೆಯ ಗಾಳಿ ಅಲ್ಲಿಗೆ 50 ಚದರಡಿಗೆ ನಿಮಿಷಕ್ಕೆ 1 ಘನ ಅಡಿಯಂತೆ ಹೋಗಬೇಕು.

ಅಡಿಪಾಯದ ಮೇಲೆ ತೊಲೆಗಳ ತುದಿ ಕೂರುವ ಅಂಚುಹಲಗೆ ಬಹಳ ಸೋರುವ ಜಾಗ. ಅಲ್ಲಿಗೆ 2 ಇಂಚಿನ ಫೋಮ್ ತುಂಡು, ಸಂದಿಗಿಂತ ಸುತ್ತಲೂ ಕಾಲಿಂಚು ಚಿಕ್ಕದಾಗಿ ಕತ್ತರಿಸಿ ಕೂರಿಸಿ, ಸುತ್ತ ಡಬ್ಬಿಯ ಫೋಮ್ ಹೊಡೆಯಿರಿ. ಬಿಗಿಯಾಗಿ ಕತ್ತರಿಸಿ ತುರುಕಿದರೆ ಸಂದಿಗೆ ಫೋಮ್ ಇಳಿಯದೆ ಮೂಲೆಗಳಲ್ಲಿ ಸೋರುತ್ತಲೇ ಇರುತ್ತದೆ.

ಗೋಡೆಗಳಲ್ಲಿ ಮರದ ಚೌಕಟ್ಟಿನದು ಸುಲಭ. ಹೊರಗಿನಿಂದ ಪ್ರತಿ ಅಂಕಣಕ್ಕೂ ಎರಡಿಂಚಿನ ತೂತು ಕೊರೆದು, ಕೊಳವೆ ಇಳಿಸಿ, ಸೆಲ್ಯುಲೋಸನ್ನು ಘನ ಅಡಿಗೆ 3.5 ಪೌಂಡ್ ಸಾಂದ್ರತೆಗೆ ತುಂಬುತ್ತಾರೆ. ಹದಿನಾಲ್ಕೂವರೆ ಇಂಚು ಅಗಲ, ಮೂರೂವರೆ ಇಂಚು ಆಳ, 8 ಅಡಿ ಎತ್ತರದ ಅಂಕಣ ಸುಮಾರು 2.8 ಘನ ಅಡಿ. ಅಂದರೆ ಅಂಕಣಕ್ಕೆ 10 ಪೌಂಡ್. 25 ಪೌಂಡಿನ ಚೀಲಕ್ಕೆ ಎರಡೂವರೆ ಅಂಕಣ. ಕೆಲಸದವರ ಪಕ್ಕ ನಿಂತು ಇದನ್ನೊಂದನ್ನು ಲೆಕ್ಕ ಇಟ್ಟರೆ ಸಾಕು. ಅಂಕಣ 4 ಪೌಂಡಿಗೇ ತುಂಬಿತೆಂದರೆ ನಡುವೆ ಅಡ್ಡಪಟ್ಟಿ ಇದೆ, ಅದರ ಕೆಳಗೆ ಇನ್ನೊಂದು ತೂತು ಬೇಕು. ಮೂವತ್ತು ಪೌಂಡ್ ಹೋದರೂ ತುಂಬದಿದ್ದರೆ ಅದು ಬೇರೆಲ್ಲೋ ಸುರಿಯುತ್ತಿದೆ, ನಿಲ್ಲಿಸಿ ಹುಡುಕಬೇಕು. 1978ಕ್ಕೆ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸವಿರಬಹುದು, ಕೊರೆಯುವ ಮುಂಚೆ ಪರೀಕ್ಷಿಸಿ.

ಇಟ್ಟಿಗೆ ಗೋಡೆಯ ವಿಷಯ ಬೇರೆ. 1863ರ ದೊಡ್ಡ ಬೆಂಕಿಯ ನಂತರ ಡೆನ್ವರ್ ನಗರ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಕಾನೂನು ಮಾಡಿತು. ಅದರಿಂದಲೇ ಹಳೆಯ ಬಡಾವಣೆಗಳ ತುಂಬ ಎರಡು ವರಸೆ ಇಟ್ಟಿಗೆಯ ಮನೆಗಳು. ಅವುಗಳ ನಡುವೆ ತುಂಬಿಸಲು ಟೊಳ್ಳೇ ಇಲ್ಲ. ಒಳಗಿನಿಂದ ದಪ್ಪ ಇನ್ಸುಲೇಷನ್ ಹೊಡೆದರೆ ಇಟ್ಟಿಗೆಗೆ ಮನೆಯ ಬಿಸಿ ತಪ್ಪುತ್ತದೆ. ಆಗ ಅದು ಮೊದಲಿಗಿಂತ ತಣ್ಣಗೆ, ಒಣಗದೆ, ಹಸಿಯಾಗಿ ಉಳಿಯುತ್ತದೆ. ಈ ಊರಿನ ಚಳಿಗಾಲ ಹಗಲು ಕರಗಿಸಿ ರಾತ್ರಿ ಹೆಪ್ಪುಗಟ್ಟಿಸುವ ಚಳಿಗಾಲ. ಇಟ್ಟಿಗೆಯೊಳಗಿನ ನೀರು ಹಿಗ್ಗಿ ಅದರ ಮುಖ ಪದರ ಪದರವಾಗಿ ಉದುರುತ್ತದೆ. ಗೋಡೆಯೊಳಗೆ ಹುಗಿದ ತೊಲೆಯ ತುದಿಗಳು ಕೊಳೆಯುತ್ತವೆ. ಆದ್ದರಿಂದ ಇಟ್ಟಿಗೆ ಗೋಡೆ ಪಟ್ಟಿಯಲ್ಲಿ ಕೊನೆಯದು. ಮಾಡಲೇಬೇಕೆಂದರೆ ಮೊದಲು ಸೂರಿನ ನೀರು ಗೋಡೆಗೆ ಬೀಳದಂತೆ, ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಟ್ಟಿಗೆಗೆ ತಾಗದಂತೆ ನೋಡಿ. ಹಳೆಯ ಮೆದು ಇಟ್ಟಿಗೆಯ ಸಂದುಗಳಿಗೆ ಗಟ್ಟಿ ಸಿಮೆಂಟ್ ಮೆತ್ತಿದ್ದರೆ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿ. ಒಳಗೆ ಹಾಕುವುದು ತೆಳುವಾಗಿರಲಿ, ಆರ್-10ರ ಆಸುಪಾಸಿಗೆ ನಿಲ್ಲಿಸಿ. ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊಡೆದು ಗೋಡೆ ಒಣಗುವ ದಾರಿ ಮುಚ್ಚಬೇಡಿ.

ಕಿಟಕಿಗಳ ಬಗ್ಗೆ ಒಂದೇ ಮಾತು. ಎರಡು ಗಾಜಿನ ಕಿಟಕಿಯನ್ನು ಸಮುದ್ರಮಟ್ಟದ ಕಾರ್ಖಾನೆಯಲ್ಲಿ ಸೀಲ್ ಮಾಡಿ ಇಲ್ಲಿಗೆ ತಂದರೆ, ಹೊರಗಿನ ಒತ್ತಡ 101 ಕಿಲೋಪಾಸ್ಕಲ್‌ನಿಂದ 83ಕ್ಕೆ ಇಳಿದು ಗಾಜು ಹೊರಕ್ಕೆ ಉಬ್ಬುತ್ತದೆ, ಸೀಲ್ ಬಿಡುತ್ತದೆ. ಅದಕ್ಕಾಗಿ ಎತ್ತರದ ಊರಿಗೆ ಕಳಿಸುವ ಗಾಜಿಗೆ ಸೂಜಿಯಂಥ ಕೊಳವೆ ಇಟ್ಟು ಒತ್ತಡ ಸಮಮಾಡುತ್ತಾರೆ. ಆ ಕೊಳವೆಯಿಂದಲೇ, ಶಾಖ ತಡೆಯಲೆಂದು ಗಾಜುಗಳ ನಡುವೆ ತುಂಬಿದ ಆರ್ಗಾನ್ ಅನಿಲವೂ ಕಾಲಕ್ರಮೇಣ ಹೊರಟುಹೋಗುತ್ತದೆ. ಹಾಗಾಗಿ ಇಲ್ಲಿಯ ಎತ್ತರದಲ್ಲೇ ಜೋಡಿಸಿದ ಗಾಜು ಸಿಗುತ್ತದೆಯೇ ಎಂದು ಕೇಳಿ, ಕೊಳವೆ ಇರುವುದಾದರೆ ಆರ್ಗಾನ್‌ಗೆಂದು ಹೆಚ್ಚು ಹಣ ಕೊಡಬೇಡಿ.

ಇನ್ನು ನಮ್ಮ ಅಡುಗೆಮನೆ. ಇಡ್ಲಿಪಾತ್ರೆ, ಕುಕ್ಕರು, ಕುದಿಯುವ ಸಾರು, ಒಗ್ಗರಣೆ. ನಮ್ಮ ಮನೆಗಳಲ್ಲಿ ಹುಟ್ಟುವ ಹಬೆ ಹೆಚ್ಚು. ಡೆನ್ವರಿನಲ್ಲಿ ನೀರು 95 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ಬೇಳೆ ಬೇಯಲು ಹೊತ್ತು ಹೆಚ್ಚು, ಹಬೆಯೂ ಹೆಚ್ಚು ಹೊತ್ತು. ಮನೆ ಸೋರುತ್ತಿದ್ದಾಗ ಅದೆಲ್ಲ ತಾನೇ ಹೊರಟುಹೋಗುತ್ತಿತ್ತು. ತೂತು ಮುಚ್ಚಿದ ಮೇಲೆ ಹೋಗುವುದಿಲ್ಲ. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವಂಥದ್ದಾದರೆ ಹೊರಗೆ ಹಾಯುವ ಕೊಳವೆ ಹಾಕಿಸಲೇಬೇಕು. ಫರ್ನೇಸಿಗೆ ಹ್ಯೂಮಿಡಿಫೈಯರ್ ಇದ್ದರೆ ಹಳೆಯ ಗುರುತಿಗೇ ಬಿಡಬೇಡಿ. ಹೊರಗೆ 0 ಫ್ಯಾರನ್‌ಹೀಟ್ ಇರುವ ದಿನ ಒಳಗೆ ತೇವಾಂಶ ನೂರಕ್ಕೆ 25ರ ಹತ್ತಿರ ಸಾಕು. ಕಿಟಕಿಯ ಕೆಳಅಂಚಿನಲ್ಲಿ ನೀರು ಕಂಡರೆ ಇನ್ನೂ ಇಳಿಸಿ.

ಆದರೆ ಹೊಗೆ ಹೋಗಲಿ ಎಂದು ದೊಡ್ಡ ಚಿಮಣಿ ಹಾಕಿಸುವವರು ನಿಲ್ಲಬೇಕಾದ ಜಾಗ ಇದು. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಎಳೆಯುವ ಚಿಮಣಿಗೆ, ಅಷ್ಟೇ ಗಾಳಿ ಒಳಗೆ ಬರುವ ದಾರಿಯನ್ನೂ ಸಂಹಿತೆ ಕೇಳುತ್ತದೆ. ಸೀಲ್ ಮಾಡಿದ ಮನೆಯಲ್ಲಿ ಆ ದಾರಿ ಇಲ್ಲದಿದ್ದರೆ ಚಿಮಣಿ ಗಾಳಿಯನ್ನು ಎಳೆಯುವುದು ನೆಲಮಾಳಿಗೆಯ ಗ್ಯಾಸ್ ವಾಟರ್ ಹೀಟರಿನ ಹೊಗೆಕೊಳವೆಯಿಂದ. ಹೊಗೆ ಮೇಲೆ ಹೋಗುವ ಬದಲು ಮನೆಯೊಳಕ್ಕೆ ಇಳಿಯುತ್ತದೆ, ಅದರ ಜೊತೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್. ಬರ್ನರಿನ ಜೆಟ್ಟನ್ನು ಎತ್ತರಕ್ಕೆ ಹೊಂದಿಸದೆ ಬಿಟ್ಟಿದ್ದರೆ, ತೆಳು ಗಾಳಿಯಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಆ ವಿಷ ಮತ್ತೂ ಹೆಚ್ಚುತ್ತದೆ. ನಿಮ್ಮ ಫರ್ನೇಸಿನ ಫಲಕದಲ್ಲಿ ಗಂಟೆಗೆ 80,000 ಬಿಟಿಯು ಎಂದಿದ್ದರೂ, 1,000 ಅಡಿಗೆ ನೂರಕ್ಕೆ 4ರಂತೆ ಕಳೆಯುವ ಸಾಮಾನ್ಯ ನಿಯಮದಲ್ಲಿ ಡೆನ್ವರಿನಲ್ಲಿ ಅದು ಸುಮಾರು 63,000. ಆ ಹೊಂದಾಣಿಕೆ ಆಗಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಮಲಗುವ ಕೋಣೆಗಳಿಂದ 15 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕೆನ್ನುವ ಕಾನೂನು ಕೊಲರಾಡೊದಲ್ಲಿ 2009ರಿಂದಿದೆ.

ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ವಿದ್ಯುತ್ ಕಂಪನಿ ಮತ್ತು ರಾಜ್ಯದ ರಿಯಾಯಿತಿಗಳು ಆಗಾಗ ಬದಲಾಗುತ್ತವೆ. ಸಹಿ ಹಾಕುವ ಮುಂಚೆ ವಿಚಾರಿಸಿ, ಕೆಲವಕ್ಕೆ ಕೆಲಸದ ಮುಂಚಿನ ಬ್ಲೋವರ್ ಡೋರ್ ಅಂಕಿಯನ್ನೇ ಕೇಳುತ್ತಾರೆ.

ಕೆಲಸ ಮುಗಿದ ದಿನ, ಕೊನೆಯ ಕಂತಿನ ಚೆಕ್ ಕೊಡುವ ಮುಂಚೆ, ಬ್ಲೋವರ್ ಡೋರ್ ಇನ್ನೊಮ್ಮೆ ಹಾಕಿಸಿ. ಮೊದಲು 2,000 ಬಂದದ್ದು ಈಗ 1,300ರ ಸುತ್ತ ಇದ್ದರೆ ಅಟ್ಟದ ಕೆಲಸ ಸರಿಯಾಗಿದೆ. 1,900 ಎಂದರೆ ಯಾರೂ ತೂತು ಮುಚ್ಚಿಲ್ಲ, ಮೇಲಿಂದ ಸುರಿದಿದ್ದಾರೆ ಅಷ್ಟೇ. ಅದಾದ ಮೇಲೆ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಚಿಮಣಿ, ಬಾತ್‌ರೂಮ್ ಫ್ಯಾನು, ಬಟ್ಟೆ ಒಣಗಿಸುವ ಮಷಿನ್ ಎಲ್ಲ ಒಟ್ಟಿಗೆ ಹಾಕಿ. ವಾಟರ್ ಹೀಟರ್ ಹೊತ್ತಿಸಿ ಐದು ನಿಮಿಷ ಬಿಡಿ. ಅದರ ತಲೆಯ ಮೇಲಿನ ಲೋಹದ ಕೊಡೆಯ ಅಂಚಿಗೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡು ಮೇಲೆ ಹೋಗಬೇಕು. ನಿಮ್ಮ ಮುಖದ ಕಡೆಗೆ ಬಂದರೆ ತಕ್ಷಣ ಹೀಟರ್ ಆರಿಸಿ, ಕಿಟಕಿ ತೆರೆಯಿರಿ, ಹಾಗೂ ಅದು ಸರಿಯಾಗುವವರೆಗೆ ಆ ಮನೆಯಲ್ಲಿ ರಾತ್ರಿ ಮಲಗಬೇಡಿ.